ಶನಿವಾರವೆಂಬ ಗುಡಿ



ಬೆಳಗಿನ ಪ್ರಸಾರ ಶುರುವಾಗುವ ಮುನ್ನ ಆಕಾಶವಾಣಿಯಿಂದ ಒಂದು ಪುಟ್ಟ ಸ್ವರಮಾಲೆ ಕೇಳಿಬರುತ್ತದೆ. ಹಿಂದೆ ತಂಬೂರಿಯ ಶ್ರುತಿ, ಅದರ ಮೇಲೆ ಪಿಟೀಲಿನ ಒಂದೆಳೆ, ಶಿವರಂಜಿನಿಯ ಛಾಯೆ. ಅದನ್ನು ಕೇಳಿಯೇ ಒಲೆ ಹಚ್ಚಿದ ಮನೆಗಳು, ಹೊಲಕ್ಕೆ ಹೊರಟ ಕಾಲುಗಳು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟು. ಆ ರಾಗವನ್ನು ಕಟ್ಟಿಕೊಟ್ಟವರು ವಾಲ್ಟರ್ ಕೌಫ್‌ಮನ್ ಎಂದು ಸಂಗೀತದ ಚರಿತ್ರೆ ಬಲ್ಲವರು ಹೇಳುತ್ತಾರೆ. ಬೊಹೀಮಿಯಾದಲ್ಲಿ 1907ರಲ್ಲಿ ಹುಟ್ಟಿದವರು. ಯುರೋಪಿನ ಮೇಲೆ ಹಿಟ್ಲರನ ನೆರಳು ಚಾಚತೊಡಗಿದಾಗ, 1934ರಲ್ಲಿ, ಮುಂಬೈಗೆ ಬಂದಿಳಿದವರು. ಅವರು ಯೆಹೂದಿ. ಊರು ಬಿಟ್ಟು ಬಂದ ಆ ಮನುಷ್ಯ ಇಲ್ಲಿನ ರಾಗಕ್ಕೆ ಕಿವಿಗೊಟ್ಟು ಕಲಿತರು. ಕಲಿತದ್ದನ್ನು ನಮಗೇ ಬೆಳಗಿನ ಗುರುತಾಗಿ ಕೊಟ್ಟರು.

ಅವರು ಹುಟ್ಟಿಬಂದ ಧರ್ಮದ ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡಬೇಕೆಂದಿದ್ದೇನೆ. ಯೆಹೂದಿ ಧರ್ಮವನ್ನು ನಾವು ಹೆಚ್ಚಾಗಿ ಬೇರೆಯವರ ಕಥೆಯ ಮೊದಲ ಅಧ್ಯಾಯವಾಗಿಯೇ ಕೇಳಿರುತ್ತೇವೆ. ಕ್ರೈಸ್ತರ ಬೈಬಲ್ಲಿನ ಹಳೆಯ ಒಡಂಬಡಿಕೆಯಾಗಿ, ಮುಸಲ್ಮಾನರ ಇಬ್ರಾಹೀಮ್, ಮೂಸಾರ ವೃತ್ತಾಂತವಾಗಿ. ಆದರೆ ಆ ಧರ್ಮದವರು ತಮ್ಮ ಕಥೆಯನ್ನು ಬಿಡದೆ ಮುಂದುವರಿಸುತ್ತಲೇ ಬಂದಿದ್ದಾರೆ. ಜಗತ್ತಿನಲ್ಲಿ ಅವರು ಇಂದು ಸುಮಾರು ಒಂದೂವರೆ ಕೋಟಿ. ಹೆಚ್ಚುಕಡಿಮೆ ನಮ್ಮ ಬೆಂಗಳೂರಿನ ಜನಸಂಖ್ಯೆಯಷ್ಟು. ಇಷ್ಟು ಚಿಕ್ಕ ಸಮುದಾಯ, ತನ್ನ ಏಕೈಕ ದೇವಾಲಯ ಸುಟ್ಟುಹೋಗಿ ಸಾವಿರದ ಒಂಬೈನೂರು ವರ್ಷ ಕಳೆದ ಮೇಲೂ, ರಾಜನಿಲ್ಲದೆ, ಸೈನ್ಯವಿಲ್ಲದೆ, ನೆಲವಿಲ್ಲದೆ ತನ್ನ ಧರ್ಮವನ್ನು ಹೇಗೆ ಉಳಿಸಿಕೊಂಡಿತು? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಡಿದಿದೆ. ನನಗೆ ತಿಳಿದ ಉತ್ತರ ಇಷ್ಟು: ಅವರು ಗುಡಿಯನ್ನು ಊಟದ ಮೇಜಿಗೆ, ಪುಸ್ತಕದ ಪುಟಕ್ಕೆ, ವಾರದ ಒಂದು ದಿನಕ್ಕೆ ಸ್ಥಳಾಂತರಿಸಿದರು.

ಮೊದಲಿಗೆ ಆ ಗುಡಿ ಇದ್ದ ಕಾಲವನ್ನು ನೋಡೋಣ. ಮೂಲಪುರುಷ ಅಬ್ರಹಾಮ, ಅವನ ಮಗ ಇಸಾಕ, ಮೊಮ್ಮಗ ಯಾಕೋಬ. ಯಾಕೋಬನಿಗೆ ಇಸ್ರಾಯೇಲ್ ಎಂಬ ಇನ್ನೊಂದು ಹೆಸರು. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಅವರ ಸಂತತಿಯನ್ನು ಮೋಶೆ ಬಿಡಿಸಿ ತಂದದ್ದು, ಸೀನಾಯ್ ಬೆಟ್ಟದಲ್ಲಿ ದೇವರೊಂದಿಗೆ ಒಡಂಬಡಿಕೆಯಾದದ್ದು, ಇವು ಆ ಜನರ ನೆನಪಿನ ಅಡಿಗಲ್ಲು. ಶಿಲಾಶಾಸನವನ್ನೇ ಕೇಳುವವರಿಗೆ ಕ್ರಿ.ಪೂ. 13ನೇ ಶತಮಾನದ ಕೊನೆಯ ಒಂದು ಕಲ್ಲು ಇದೆ: ಈಜಿಪ್ಟಿನ ದೊರೆ ಮೆರ್ನೆಪ್ತಾಹ್ ತನ್ನ ವಿಜಯಶಾಸನದಲ್ಲಿ ಇಸ್ರಾಯೇಲ್ ಎಂಬ ಜನರ ಹೆಸರನ್ನು ಕೆತ್ತಿಸಿದ್ದಾನೆ. ಆ ಜನರನ್ನು ನಿರ್ನಾಮ ಮಾಡಿದೆನೆಂದು ಹೇಳಿಕೊಂಡಿದ್ದಾನೆ. ಅವರ ಹೆಸರು ಕಲ್ಲಿನ ಮೇಲೆ ಸಿಗುವ ಮೊದಲ ಸಲವೇ ಅವರು ಇಲ್ಲವಾದರು ಎಂಬ ಸುದ್ದಿಯ ಜೊತೆಗೆ ಸಿಗುತ್ತದೆ.

ದಾವೀದ ಅರಸನಾದ; ಅವನ ಮಗ ಸೊಲೊಮೋನ ಜೆರುಸಲೇಮಿನಲ್ಲಿ ದೇವಾಲಯ ಕಟ್ಟಿಸಿದ ಎನ್ನುತ್ತದೆ ಪರಂಪರೆ. ಆ ಗುಡಿಯಲ್ಲಿ ವಿಗ್ರಹ ಇರಲಿಲ್ಲ. ಬಲಿಪೀಠ ಇತ್ತು, ವಂಶಪಾರಂಪರ್ಯದ ಪುರೋಹಿತರಿದ್ದರು, ವರ್ಷಕ್ಕೆ ಮೂರು ಸಲ ಊರೂರುಗಳಿಂದ ಯಾತ್ರೆ ಬರುತ್ತಿತ್ತು. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನ ದೊರೆ ನೆಬುಕದ್ನೆಚ್ಚರನ ಸೈನ್ಯ ಅದನ್ನು ಕೆಡವಿ, ಜನರನ್ನು ಸೆರೆಯೊಯ್ದಿತು.

ಆ ಕಾಲದಲ್ಲಿ ಒಬ್ಬ ರಾಜ ಸೋತರೆ ಅವನ ದೇವರೂ ಸೋತ ಹಾಗೆ ಎಂಬುದು ಸುತ್ತಲಿನವರ ಎಣಿಕೆ. ಸೋತ ದೇವರನ್ನು ಬಿಟ್ಟು ಗೆದ್ದ ದೇವರಿಗೆ ಕೈಮುಗಿಯುವುದು ಲೋಕರೂಢಿ. ಆದರೆ ಪ್ರವಾದಿ ಯೆರೆಮೀಯ ಸೆರೆಯಲ್ಲಿದ್ದವರಿಗೆ ಒಂದು ಪತ್ರ ಕಳಿಸಿದ. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ಇರುವ ಊರಿನ ಒಳಿತಿಗಾಗಿ ಬೇಡಿಕೊಳ್ಳಿ ಎಂಬುದು ಅದರ ತಾತ್ಪರ್ಯ. ಪರದೇಶದಲ್ಲಿಯೂ ದೇವರಿಗೆ ನಮ್ಮ ಮಾತು ಕೇಳುತ್ತದೆ ಎಂಬ ಅರಿವು ಆ ಪತ್ರದಲ್ಲಿತ್ತು. ಮುಂದೆ ಪರ್ಷಿಯಾದ ಕೋರೆಷ್ ದೊರೆ ಬ್ಯಾಬಿಲೋನನ್ನು ಗೆದ್ದು, ಹೋಗುವವರು ಹೋಗಬಹುದೆಂದ. ಹಿಂದಿರುಗಿದವರು ಎರಡನೆಯ ದೇವಾಲಯ ಕಟ್ಟಿದರು. ಎಜ್ರನೆಂಬ ಶಾಸ್ತ್ರಿ ಜೆರುಸಲೇಮಿನ ಬಯಲಿನಲ್ಲಿ ಮರದ ಅಟ್ಟಣೆಯ ಮೇಲೆ ನಿಂತು ಗಂಡಸರು, ಹೆಂಗಸರು, ತಿಳಿವಳಿಕೆ ಬಂದ ಮಕ್ಕಳು ಎಲ್ಲರ ಮುಂದೆ ಧರ್ಮಗ್ರಂಥವನ್ನು ಓದಿದ. ಜೊತೆಯಲ್ಲಿದ್ದವರು ಅರ್ಥ ಬಿಡಿಸಿ ಹೇಳಿದರು. ಪುರೋಹಿತನ ಕೈಯ ಗ್ರಂಥ ಬಯಲಿಗೆ ಬಂದು ಎಲ್ಲರ ಕಿವಿಯ ಸೊತ್ತಾಯಿತು. ಆ ಗ್ರಂಥವೇ ತೋರಾ, ಮೋಶೆಯ ಐದು ಪುಸ್ತಕಗಳು.

ಎರಡನೆಯ ಗುಡಿಯೂ ಉಳಿಯಲಿಲ್ಲ. ಕ್ರಿ.ಶ. 66ರಲ್ಲಿ ರೋಮನ್ನರ ವಿರುದ್ಧ ದಂಗೆ ಎದ್ದಿತು, ಕ್ರಿ.ಶ. 70ರಲ್ಲಿ ಟೈಟಸ್‌ನ ಸೈನ್ಯ ದೇವಾಲಯಕ್ಕೆ ಬೆಂಕಿ ಇಟ್ಟಿತು. ಮುತ್ತಿಗೆಯ ದಿನಗಳದೊಂದು ಕಥೆಯನ್ನು ಯೆಹೂದಿಯರು ಇಂದಿಗೂ ಹೇಳುತ್ತಾರೆ. ಯೋಹಾನಾನ್ ಬೆನ್ ಜಕ್ಕಾಯ್ ಎಂಬ ವೃದ್ಧ ಗುರುವನ್ನು ಶಿಷ್ಯರು ಶವಪೆಟ್ಟಿಗೆಯಲ್ಲಿ ಮಲಗಿಸಿ, ಸತ್ತಿದ್ದಾರೆಂದು ಹೇಳಿ ಕೋಟೆಯ ಬಾಗಿಲು ದಾಟಿಸಿದರಂತೆ. ಪೆಟ್ಟಿಗೆಯಿಂದ ಎದ್ದ ಆತ ರೋಮನ್ ಸೇನಾಪತಿಯ ಮುಂದೆ ನಿಂತು ಕೇಳಿದ್ದು ಯಾವ್ನೆ ಎಂಬ ಚಿಕ್ಕ ಊರನ್ನು, ಅಲ್ಲಿನ ಪಂಡಿತರನ್ನು. ಅಂದರೆ ಒಂದು ಪಾಠಶಾಲೆಯನ್ನು. ಜೆರುಸಲೇಮನ್ನೇ ಏಕೆ ಕೇಳಲಿಲ್ಲ ಎಂದು ಮುಂದಿನ ತಲೆಮಾರಿನವರು ಚರ್ಚೆ ಮಾಡಿದ್ದಾರೆ. ಆದರೆ ಶವಪೆಟ್ಟಿಗೆಯಿಂದ ಎದ್ದು ಬಂದದ್ದು ಒಬ್ಬ ಮುದುಕನಷ್ಟೇ ಅಲ್ಲ, ಒಂದು ಧರ್ಮವೇ ಎಂದು ನನಗೆ ಅನ್ನಿಸುತ್ತದೆ.

ಅದೇ ಗುರುವಿನ ಇನ್ನೊಂದು ಮಾತು. ಸುಟ್ಟ ಗುಡಿಯನ್ನು ನೋಡಿ ಶಿಷ್ಯನೊಬ್ಬ ಅತ್ತ: ನಮ್ಮ ಪಾಪಕ್ಕೆ ಪ್ರಾಯಶ್ಚಿತ್ತ ಆಗುತ್ತಿದ್ದ ಜಾಗವೇ ಹೋಯಿತಲ್ಲ ಎಂದು. ಗುರು ಸಮಾಧಾನ ಹೇಳಿದ: ಅದಕ್ಕೆ ಸಮನಾದ ಇನ್ನೊಂದು ಪ್ರಾಯಶ್ಚಿತ್ತ ನಮ್ಮ ಕೈಯಲ್ಲೇ ಇದೆ, ಅದು ಇನ್ನೊಬ್ಬರಿಗೆ ತೋರುವ ದಯೆ. ಸ್ಥಾವರ, ಜಂಗಮ ಎಂಬ ಎರಡು ಮಾತುಗಳ ತೂಕ ಕನ್ನಡದ ಕಿವಿಗೆ ಗೊತ್ತು. ಅಂದು ಆದದ್ದನ್ನು ನಾವು ಆ ಮಾತಿನಲ್ಲೇ ಹೇಳಿಕೊಳ್ಳಬಹುದು: ಸ್ಥಾವರ ಉರಿದುಹೋಯಿತು, ಧರ್ಮ ಜಂಗಮವಾಯಿತು.

ಈ ಬದಲಾವಣೆ ಎಷ್ಟು ಜಾಣ್ಮೆಯಿಂದ ನಡೆಯಿತೆಂದರೆ, ಗುಡಿಯ ಒಂದೊಂದು ಕ್ರಿಯೆಗೂ ಮನೆಯಲ್ಲಿ ಒಂದು ಜಾಗ ಸಿಕ್ಕಿತು. ನಿತ್ಯದ ಬಲಿಯ ಹೊತ್ತುಗಳ ಜಾಗದಲ್ಲಿ ನಿತ್ಯದ ಪ್ರಾರ್ಥನೆ ಬಂತು. ಬಲಿಪೀಠದ ಸ್ಥಾನಕ್ಕೆ ಊಟದ ಮೇಜು ಬಂತು. ಬಲಿಗೆ ಉಪ್ಪು ಹಾಕಬೇಕೆಂದು ತೋರಾದಲ್ಲಿದೆ. ಅದರ ನೆನಪಿಗೆ ಇಂದಿಗೂ ಯೆಹೂದಿ ಮನೆಯಲ್ಲಿ ಊಟಕ್ಕೆ ಮುನ್ನ ರೊಟ್ಟಿಯ ತುಂಡನ್ನು ಉಪ್ಪಿಗೆ ಅದ್ದುತ್ತಾರೆ. ಪುರೋಹಿತರು ಕೈ ತೊಳೆಯುತ್ತಿದ್ದ ಹಾಗೆ ಮನೆಯವರೆಲ್ಲ ಮಂತ್ರ ಹೇಳಿ ಕೈ ತೊಳೆಯುತ್ತಾರೆ. ಪುರೋಹಿತನ ಜಾಗದಲ್ಲಿ ರಬ್ಬಿ ಬಂದ. ರಬ್ಬಿ ಎಂದರೆ ಗುರು. ಹುಟ್ಟಿನಿಂದ ಬರುವ ಪದವಿ ಅದಲ್ಲ, ಓದಿ ಗಳಿಸಬೇಕಾದದ್ದು. ಇನ್ನು ಒಟ್ಟಾಗಿ ಪ್ರಾರ್ಥಿಸಲು ಮಹಾಮಂದಿರ ಬೇಡ, ಹತ್ತು ಜನ ಸೇರಿದರೆ ಸಾಕು. ಹತ್ತು ಜನರ ಈ ಕೂಟಕ್ಕೆ ಮಿನ್ಯಾನ್ ಎನ್ನುತ್ತಾರೆ. ಸಾಂಪ್ರದಾಯಿಕರು ಗಂಡಸರನ್ನಷ್ಟೇ ಎಣಿಸುತ್ತಾರೆ. ಸುಧಾರಣಾವಾದಿಗಳು ಹೆಂಗಸರನ್ನೂ ಎಣಿಸುತ್ತಾರೆ. ಸಭಾಮಂದಿರ, ಅಂದರೆ ಸಿನಗಾಗ್, ಎಲ್ಲಿ ಬೇಕಾದರೂ ಇರಬಹುದು. ತೋರಾದ ಸುರುಳಿಗಳನ್ನಿಡುವ ಗೂಡು ಮಾತ್ರ ಜೆರುಸಲೇಮಿನ ದಿಕ್ಕಿಗಿರುತ್ತದೆ.

ಬಾಯಿಂದ ಬಾಯಿಗೆ ಬಂದಿದ್ದ ವ್ಯಾಖ್ಯಾನಗಳನ್ನು ಕ್ರಿ.ಶ. 200ರ ಸುಮಾರಿಗೆ ಯೆಹೂದಾ ಹನಾಸಿ ಎಂಬ ಗುರು ಆರು ಭಾಗಗಳಲ್ಲಿ ಅಡಕಗೊಳಿಸಿದ. ಅದು ಮಿಷ್ನಾ. ಅದರ ಮೇಲೆ ಮುಂದಿನ ಮೂರ್ನಾಲ್ಕು ಶತಮಾನ ಬ್ಯಾಬಿಲೋನಿನ ಪಾಠಶಾಲೆಗಳಲ್ಲಿ ನಡೆದ ವಾದ, ಪ್ರತಿವಾದ, ಕಥೆ, ಲೆಕ್ಕ, ವೈದ್ಯ, ಕನಸು ಎಲ್ಲ ಸೇರಿ ತಾಲ್ಮುದ್ ಆಯಿತು. ಮಾಮೂಲಿನ ಮುದ್ರಣದಲ್ಲಿ ಅದು 2,711 ಹಾಳೆ. ತಾಲ್ಮುದಿನ ಒಂದು ಪುಟವನ್ನು ಕಂಡವರು ಮರೆಯುವುದಿಲ್ಲ. ನಡುವೆ ಮೂಲ, ಒಂದು ಪಕ್ಕದಲ್ಲಿ 11ನೇ ಶತಮಾನದ ಫ್ರಾನ್ಸಿನ ರಾಶಿ ಎಂಬ ಗುರುವಿನ ಟೀಕೆ, ಇನ್ನೊಂದು ಪಕ್ಕದಲ್ಲಿ ಅವನ ಮೊಮ್ಮಕ್ಕಳೂ ಅವರ ಶಿಷ್ಯರೂ ಎತ್ತಿದ ಆಕ್ಷೇಪಗಳು. ತಾತನ ಮಾತನ್ನು ಮೊಮ್ಮಗ ಅದೇ ಪುಟದಲ್ಲಿ ಪ್ರಶ್ನಿಸುತ್ತಾನೆ, ಇಬ್ಬರೂ ಪೂಜ್ಯರೇ. ಓದುವುದು ಇಬ್ಬಿಬ್ಬರಾಗಿ ಎದುರುಬದುರು ಕೂತು, ಗಟ್ಟಿಯಾಗಿ, ಜಗಳವೇ ನಡೆಯುತ್ತಿದೆಯೇನೋ ಎಂಬಂತೆ.

ಹಿಲ್ಲೆಲ್, ಶಮ್ಮಾಯ್ ಎಂಬ ಇಬ್ಬರು ಗುರುಗಳ ಶಿಷ್ಯವರ್ಗಗಳ ನಡುವೆ ಮೂರು ವರ್ಷ ವಾದ ನಡೆದದ್ದನ್ನು ತಾಲ್ಮುದ್ ಹೇಳುತ್ತದೆ. ಕೊನೆಗೆ ಆಕಾಶದಿಂದ ಒಂದು ದನಿ ಬಂತಂತೆ: ಎರಡೂ ಜೀವಂತ ದೇವರ ಮಾತೇ, ಆದರೆ ನಡೆಯಬೇಕಾದದ್ದು ಹಿಲ್ಲೆಲ್‌ನ ಪಕ್ಷದಂತೆ. ಕಾರಣವನ್ನೂ ಅಲ್ಲೇ ಬರೆದಿದ್ದಾರೆ: ಹಿಲ್ಲೆಲ್‌ನವರು ಮೃದು ಸ್ವಭಾವದವರು, ಎದುರು ಪಕ್ಷದವರ ಮಾತನ್ನು ತಮ್ಮ ಮಾತಿಗಿಂತ ಮುಂಚೆ ಹೇಳುತ್ತಿದ್ದರು. ಗೆದ್ದ ವಾದದ ಪಕ್ಕದಲ್ಲೇ ಸೋತ ವಾದವನ್ನೂ ಜೋಪಾನವಾಗಿ ಬರೆದಿಟ್ಟ ಆ ಗ್ರಂಥಕ್ಕೆ ನಾನು ತಲೆಬಾಗುತ್ತೇನೆ. ಈ ಪುಸ್ತಕವೇ ಹಲವರಿಗೆ ಕಣ್ಣುರಿಯಾಯಿತು. 1242ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ನಾಲ್ಕು ಗಾಡಿಗಳಷ್ಟು ತಾಲ್ಮುದ್ ಹಸ್ತಪ್ರತಿಗಳನ್ನು ಸುಟ್ಟರು. ಅಚ್ಚು ಯಂತ್ರ ಇಲ್ಲದ ಕಾಲ. ಒಂದೊಂದು ಪ್ರತಿಯ ಹಿಂದೆಯೂ ಒಬ್ಬ ಲಿಪಿಕಾರನ ವರ್ಷಗಳ ದುಡಿಮೆ.

ಇನ್ನು ಶನಿವಾರದ ಮಾತಿಗೆ ಬರುತ್ತೇನೆ. ಯೆಹೂದಿಯರ ದಿನ ಸೂರ್ಯಾಸ್ತಕ್ಕೆ ಹುಟ್ಟುತ್ತದೆ. ಹಾಗಾಗಿ ಶುಕ್ರವಾರ ಹೊತ್ತು ಮುಳುಗುವಾಗ ಸಬ್ಬತ್ ಆರಂಭ. ಅದಕ್ಕೆ ಮುನ್ನ ಮನೆ ಗುಡಿಸಿ, ಮಿಂದು, ಅಡುಗೆ ಮುಗಿಸಿರಬೇಕು. ಮನೆಯೊಡತಿ ಎರಡು ದೀಪ ಹಚ್ಚಿ, ಕಣ್ಣು ಮುಚ್ಚಿಕೊಂಡು ಮಂತ್ರ ಹೇಳುತ್ತಾಳೆ. ತಂದೆತಾಯಿ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ದ್ರಾಕ್ಷಾರಸದ ಬಟ್ಟಲೆತ್ತಿ ದಿನವನ್ನು ಪವಿತ್ರವೆಂದು ಸಾರುತ್ತಾರೆ. ಬಟ್ಟೆ ಮುಚ್ಚಿದ ಎರಡು ರೊಟ್ಟಿಗಳಿರುತ್ತವೆ. ಈಜಿಪ್ಟಿನಿಂದ ಬಿಡುಗಡೆಯಾಗಿ ಮರುಭೂಮಿಯಲ್ಲಿ ಅಲೆಯುತ್ತಿದ್ದಾಗ ಶುಕ್ರವಾರದಂದು ಆಕಾಶದಿಂದ ಮನ್ನ ಎಂಬ ಆಹಾರ ಎರಡು ಪಾಲು ಬೀಳುತ್ತಿದ್ದುದರ ನೆನಪು ಅದು.

ಆಮೇಲೆ ಮರುದಿನ ಸಂಜೆ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ದುಡಿಮೆ ಇಲ್ಲ. ದುಡಿಮೆ ಎಂದರೆ ಏನು ಎಂಬುದಕ್ಕೆ ಮಿಷ್ನಾ ಮೂವತ್ತೊಂಬತ್ತು ಬಗೆಗಳನ್ನು ಹೇಳುತ್ತದೆ: ಉಳುವುದು, ಬಿತ್ತುವುದು, ಕೊಯ್ಯುವುದು, ರುಬ್ಬುವುದು, ನೇಯುವುದು, ಎರಡು ಹೊಲಿಗೆ ಹಾಕುವುದು, ಎರಡು ಅಕ್ಷರ ಬರೆಯುವುದು, ಬೆಂಕಿ ಹೊತ್ತಿಸುವುದು, ಮನೆಯೊಳಗಿನಿಂದ ಬೀದಿಗೆ ಹೊರೆ ಒಯ್ಯುವುದು. ಹಿಂದೆ ದೇವರಿಗೆ ಗುಡಾರ ಕಟ್ಟಲು ಏನೇನು ಕೆಲಸ ಮಾಡಿದರೋ ಅವೇ ಇವು ಎಂದು ಗುರುಗಳ ವಿವರಣೆ. ಗುಡಾರ ಕಟ್ಟುವ ಕೆಲಸವನ್ನೆಲ್ಲ ನಿಲ್ಲಿಸಿದರೆ ಆ ದಿನವೇ ಗುಡಿಯಾಗುತ್ತದೆ. ಕಲ್ಲಿನ ಗುಡಿಗೆ ಬೆಂಕಿ ಇಡಬಹುದು. ಶನಿವಾರಕ್ಕೆ ಯಾವ ಸೈನ್ಯ ಬೆಂಕಿ ಇಟ್ಟೀತು?

ಈ ಬಿಡುವು ಯಜಮಾನನೊಬ್ಬನಿಗಲ್ಲ. ಆಳಿಗೆ, ಮನೆಗೆ ಬಂದ ಪರದೇಶಿಗೆ, ಎತ್ತಿಗೆ, ಕತ್ತೆಗೆ ಕೂಡ ಎಂದು ಹತ್ತು ಆಜ್ಞೆಗಳಲ್ಲೇ ಇದೆ. ನೀನೂ ಗುಲಾಮನಾಗಿದ್ದೆ, ಅದನ್ನು ಮರೆಯಬೇಡ ಎಂಬುದು ಅದಕ್ಕೆ ಕೊಟ್ಟ ಕಾರಣ. ಜೀವ ಉಳಿಸುವ ಪ್ರಶ್ನೆ ಬಂದರೆ ಮಾತ್ರ ಸಬ್ಬತ್ತಿನ ಕಟ್ಟುಪಾಡು ಮುರಿಯಬಹುದು, ಮುರಿಯಲೇಬೇಕು. ವೈದ್ಯ ಆಸ್ಪತ್ರೆಗೆ ಧಾವಿಸುವುದು ಅಂದು ಧರ್ಮವೇ.

ಕೇಳುಗರೆ, ಶನಿವಾರವೇ ಧರ್ಮವನ್ನು ಕಾಯಿತು ಎಂಬುದಕ್ಕೆ ನಮ್ಮದೇ ಕರಾವಳಿಯ ಒಂದು ಸಾಕ್ಷಿ ಇದೆ. ಕೊಂಕಣದ ಅಲಿಬಾಗ್ ಸೀಮೆಯಲ್ಲಿ ಬಹು ಹಿಂದಿನಿಂದ ಗಾಣದಲ್ಲಿ ಎಣ್ಣೆ ತೆಗೆದು ಬದುಕುತ್ತಿದ್ದ ಒಂದು ಜನ. ಅವರ ಪೂರ್ವಜರ ಹಡಗು ನವಗಾಂವ್ ಬಳಿ ಒಡೆದು, ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರೆಂಬುದು ಅವರ ಮನೆಮನೆಯ ಕಥೆ. ಪುಸ್ತಕಗಳೆಲ್ಲ ಸಮುದ್ರದ ಪಾಲು. ಮಾತು ಮರಾಠಿ ಆಯಿತು, ಉಡುಗೆ ಊರಿನದಾಯಿತು, ಹಳ್ಳಿಯ ಹೆಸರಿಗೆ ಕರ್ ಸೇರಿಸಿ ಮನೆತನದ ಹೆಸರಾಯಿತು. ರಬ್ಬಿ ಇಲ್ಲ, ತೋರಾ ಇಲ್ಲ, ತಾಲ್ಮುದಿನ ಹೆಸರೂ ಕೇಳಿಲ್ಲ. ಆದರೆ ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ಸುತ್ತಲಿನ ಹಿಂದೂ ಗಾಣಿಗರು ಸೋಮವಾರ ಬಿಡುವು ಮಾಡುತ್ತಿದ್ದುದರಿಂದ ಅವರು ಸೋಮವಾರ ತೇಲಿ, ಇವರು ಶನಿವಾರ ತೇಲಿ. ತೇಲಿ ಎಂದರೆ ಗಾಣಿಗ. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ, ರೆಕ್ಕೆ ಪೊರೆ ಇಲ್ಲದ ಮೀನು ವರ್ಜ್ಯ, ದೇವರು ಒಬ್ಬನೇ ಎನ್ನುವ ಶೆಮಾ ಎಂಬ ಒಂದು ಪ್ರಾರ್ಥನೆ ಬಾಯಲ್ಲಿ. ಇಷ್ಟೇ ಉಳಿದಿತ್ತು, ಇಷ್ಟೇ ಸಾಕಾಯಿತು. 18ನೇ ಶತಮಾನದಲ್ಲಿ ಕೊಚ್ಚಿಯ ಯೆಹೂದಿಯರು ಬಂದು ಅವರಿಗೆ ಉಳಿದದ್ದನ್ನು ಕಲಿಸಿದಾಗ, ಮರೆತದ್ದನ್ನು ನೆನಪಿಸಿದ ಹಾಗಾಯಿತು. ಬೆನೆ ಇಸ್ರಾಯೇಲ್ ಎಂಬ ಹೆಸರಿನ ಈ ಜನ ತಮ್ಮ ಹರಕೆಗೆ, ಮಂಗಳಕಾರ್ಯಕ್ಕೆ ಪ್ರವಾದಿ ಎಲೀಯನ ಹೆಸರಿನಲ್ಲಿ ಮಲಿದಾ ಎಂಬ ಪ್ರಸಾದ ಮಾಡುತ್ತಾರೆ: ನೆನೆಸಿದ ಅವಲಕ್ಕಿ, ಕಾಯಿತುರಿ, ಸಿಹಿ, ಏಲಕ್ಕಿ, ಮೇಲೆ ಹಣ್ಣು. ಮಾಂಸದ ಜೊತೆ ಹಾಲು ಸಲ್ಲದ್ದರಿಂದ ಅವರ ಸಾರಿಗೆ ತೆಂಗಿನ ಹಾಲು.

ಅವರ ಕಥೆ ಮೈಸೂರು ಸೀಮೆಯನ್ನೂ ಮುಟ್ಟಿದೆ. ಸ್ಯಾಮ್ಯುಯಲ್ ದಿವೇಕರ್ ಎಂಬ ಬೆನೆ ಇಸ್ರಾಯೇಲ್ ಯೋಧ ಕಂಪನಿ ಸೈನ್ಯದಲ್ಲಿದ್ದು ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕ. ಕುರಾನಿನಲ್ಲಿ ಹೆಸರಿರುವ ಜನ ಇವರು ಎಂದು ಟಿಪ್ಪುವಿನ ತಾಯಿ ಕರುಣೆ ತೋರಿ ಜೀವ ಉಳಿಸಿದಳೆಂಬುದು ಆ ಸಮುದಾಯದ ನಂಬಿಕೆ. ಬಿಡುಗಡೆಯಾಗಿ ಹೋದ ಆತ ಹರಕೆ ತೀರಿಸಲು 1796ರಲ್ಲಿ ಮುಂಬೈಯಲ್ಲಿ ಸಭಾಮಂದಿರ ಕಟ್ಟಿಸಿದ. ಅದರ ಹೆಸರಿಗೆ ಕರುಣೆಯ ಬಾಗಿಲು ಎಂದರ್ಥ.

ಅದಕ್ಕೂ ಆರೂವರೆ ಶತಮಾನ ಹಿಂದೆ, ಮಂಗಳೂರಿನಲ್ಲಿ ಒಬ್ಬ ಯೆಹೂದಿ ವರ್ತಕ ಇದ್ದ. ಹೆಸರು ಅಬ್ರಹಾಂ ಬೆನ್ ಯಿಜೂ. ಊರು ಉತ್ತರ ಆಫ್ರಿಕದ ಟ್ಯುನೀಸಿಯ. 1132ರ ಸುಮಾರಿನಿಂದ ಹದಿನೇಳು ವರ್ಷ ಇಲ್ಲಿದ್ದು ಹಿತ್ತಾಳೆ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಅಡಿಕೆ, ಮೆಣಸು, ಏಲಕ್ಕಿಯನ್ನು ಏಡನ್ನಿಗೆ ಕಳಿಸಿದ. ಅಲ್ಲಿಂದ ಇವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಬರುತ್ತಿತ್ತು. ಆಶು ಎಂಬ ಇಲ್ಲಿನ ಹೆಣ್ಣನ್ನು ದಾಸ್ಯದಿಂದ ಬಿಡಿಸಿ ಸಂಸಾರ ಹೂಡಿದ. ಇದೆಲ್ಲ ನಮಗೆ ತಿಳಿದದ್ದು ಹೇಗೆ? ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರು ನಾವು. ಯೆಹೂದಿಯರು ಧರ್ಮಗ್ರಂಥ ಕೆಳಗೆ ಬಿದ್ದರೆ ಎತ್ತಿ ಮುತ್ತಿಡುತ್ತಾರೆ. ದೇವರ ಹೆಸರು ಬರೆದ ಕಾಗದವನ್ನು ಎಸೆಯುವುದಿಲ್ಲ. ಸವೆದ ಹಾಳೆಗಳನ್ನು ಗೆನಿಜಾ ಎಂಬ ಕೋಣೆಯಲ್ಲಿ ಹಾಕಿಡುತ್ತಾರೆ. ಹಳೆಯ ಕೈರೋದ ಬೆನ್ ಎಜ್ರಾ ಸಭಾಮಂದಿರದ ಗೆನಿಜಾದಲ್ಲಿ ಹೀಬ್ರೂ ಅಕ್ಷರವಿದ್ದ ಎಲ್ಲವೂ ಸೇರಿಕೊಂಡಿದ್ದವು: ಪ್ರಾರ್ಥನೆ, ಮದುವೆ ಕರಾರು, ಸಾಲಪತ್ರ, ಮಕ್ಕಳ ಅಕ್ಷರಾಭ್ಯಾಸದ ಹಾಳೆ, ಮಂಗಳೂರಿಗೆ ಬಂದ ಪತ್ರ. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಆ ರಾಶಿಯ ಬಹುಪಾಲನ್ನು ಕೇಂಬ್ರಿಜ್ಜಿಗೆ ಒಯ್ದರು. ಬೆನ್ ಯಿಜೂನ ಪರವಾಗಿ ವ್ಯಾಪಾರಕ್ಕೆ ಓಡಾಡುತ್ತಿದ್ದ ಆಳಿನ ಹೆಸರು ಬೊಮ್ಮ ಎಂದಿರಬೇಕೆಂದು ಲೇಖಕ ಅಮಿತಾವ್ ಘೋಷ್ ಮಂಗಳೂರಿನ ವಿದ್ವಾಂಸ ಬಿ. ಎ. ವಿವೇಕ ರೈ ಅವರ ನೆರವಿನಿಂದ ಗುರುತಿಸಿದರು. ತುಳುನಾಡಿನ ಒಬ್ಬ ಬೊಮ್ಮನ ಹೆಸರು ಏಳು ಶತಮಾನಕ್ಕೂ ಹೆಚ್ಚು ಕಾಲ ಕೈರೋದ ಒಂದು ಕತ್ತಲೆ ಕೋಣೆಯಲ್ಲಿ ಉಳಿದುಬಂತು. ಅಕ್ಷರಕ್ಕೆ ತೋರಿದ ಗೌರವದಿಂದ ಮನುಷ್ಯರೂ ಉಳಿದರು.

ಅದೇ ಕೈರೋದಲ್ಲಿ, ಬೆನ್ ಯಿಜೂ ಬದುಕಿದ್ದ ಶತಮಾನದಲ್ಲೇ, ಮೋಶೆ ಬೆನ್ ಮೈಮೋನ್ ಇದ್ದ. ಲೋಕ ಅವನನ್ನು ಮೈಮೊನಿಡೀಸ್ ಎಂದು ಕರೆಯುತ್ತದೆ. ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ, ಕಿರುಕುಳ ತಾಳದೆ ಮೊರಾಕ್ಕೋ ದಾಟಿ ಈಜಿಪ್ಟಿಗೆ ಬಂದವನು. ಸಂಸಾರ ನಡೆಯುತ್ತಿದ್ದುದು ತಮ್ಮ ದಾವೀದನ ರತ್ನವ್ಯಾಪಾರದಿಂದ. ಆ ತಮ್ಮ ಭಾರತಕ್ಕೆ ಹೊರಟ ಹಡಗು ಹಿಂದೂ ಮಹಾಸಾಗರದಲ್ಲಿ ಮುಳುಗಿತು. ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದ. ಮತ್ತೆ ಎದ್ದು ವೈದ್ಯವೃತ್ತಿ ಹಿಡಿದ; ಸುಲ್ತಾನನ ಆಸ್ಥಾನದ ವೈದ್ಯನಾದ; ಹಗಲೆಲ್ಲ ರೋಗಿಗಳು, ಉಳಿದ ಹೊತ್ತು ಬರಹ. ಇಡೀ ಯೆಹೂದಿ ಧರ್ಮಶಾಸ್ತ್ರವನ್ನು ಹದಿನಾಲ್ಕು ಭಾಗಗಳಲ್ಲಿ ಅಡಕಗೊಳಿಸಿದ. ದಾನಕ್ಕೆ ಎಂಟು ಮೆಟ್ಟಿಲೆಂದ. ಬಿದ್ದವನನ್ನು ಪಾಲುದಾರನನ್ನಾಗಿ ಸೇರಿಸಿಕೊಂಡೋ, ಕೆಲಸ ಕೊಟ್ಟೋ, ಅವನು ಮತ್ತೆ ಯಾರ ಮುಂದೆಯೂ ಕೈ ಚಾಚದಂತೆ ಮಾಡುವುದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ದಾನಕ್ಕೆ ಹೀಬ್ರೂವಿನಲ್ಲಿ ತ್ಸೆದಾಕಾ ಎನ್ನುತ್ತಾರೆ. ಆ ಮಾತಿನ ಬೇರು ನ್ಯಾಯ. ಬಡವನಿಗೆ ಕೊಡುವುದು ಉಪಕಾರವಲ್ಲ, ಅವನ ಬಾಕಿ.

ಇಂಗ್ಲೆಂಡ್ 1290ರಲ್ಲಿ, ಸ್ಪೇನ್ 1492ರಲ್ಲಿ ಯೆಹೂದಿಯರನ್ನು ಹೊರಹಾಕಿದವು. ಸ್ಪೇನಿನವರು ಸೆಫಾರ್ದಿ, ಜರ್ಮನಿ ಪೋಲೆಂಡುಗಳ ಕಡೆಯವರು ಅಶ್ಕೆನಾಜಿ. ಉಚ್ಚಾರ, ಅಡುಗೆ, ಹಾಡು ಬೇರೆ ಬೇರೆ. ಸ್ಪೇನಿನಿಂದ ದಿಕ್ಕಾಪಾಲಾದ ಮನೆತನಕ್ಕೆ ಸೇರಿದ ಯೋಸೇಫ್ ಕಾರೋ ಗಲಿಲೀಯ ಸೀಮೆಯ ಸಫೇದ್‌ನಲ್ಲಿ ಕೂತು ಒಂದು ಆಚಾರಗ್ರಂಥ ಬರೆದ. 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅದರ ಹೆಸರು ಶುಲ್ಖಾನ್ ಆರೂಖ್, ಅಂದರೆ ಅಣಿಗೊಳಿಸಿದ ಊಟದ ಮೇಜು. ಪೋಲೆಂಡಿನ ಮೋಶೆ ಇಸೆರ್ಲಿಸ್ ತಮ್ಮ ಕಡೆಯ ಪದ್ಧತಿಗಳನ್ನು ಅದಕ್ಕೆ ಸೇರಿಸಿ, ತನ್ನ ಟಿಪ್ಪಣಿಗೆ ಮೇಜಿನ ಮೇಲುಹಾಸು ಎಂದು ಹೆಸರಿಟ್ಟ. ಎರಡು ಪ್ರಾಂತಗಳು ಒಂದು ಮೇಜಿಗೆ ಕೂತವು. 18ನೇ ಶತಮಾನದಲ್ಲಿ ಬಾಲ್ ಶೆಮ್ ತೋವ್ ಎಂಬ ಸಂತ, ಓದು ಬಾರದವನ ಹಾಡು ಕುಣಿತವೂ ದೇವರನ್ನು ಮುಟ್ಟುತ್ತದೆಂದ. ಅವನ ಹಾದಿ ಹಸೀದಿ ಪಂಥವಾಯಿತು.

ಫ್ರಾನ್ಸಿನ ಕ್ರಾಂತಿ 1791ರಲ್ಲಿ ಯೆಹೂದಿಯರಿಗೆ ಸಮಾನ ಪೌರತ್ವ ಕೊಟ್ಟಿತು. ಅವರನ್ನು ಕೂಡಿಹಾಕಿದ್ದ ಒಳಕೇರಿಯ ಗೋಡೆ ಬಿದ್ದಾಗ ಹೊಸ ಪ್ರಶ್ನೆ ಎದ್ದಿತು: ಎಲ್ಲರಂತೆ ಬದುಕುವಾಗ ನಾವು ನಾವಾಗಿ ಉಳಿಯುವುದು ಹೇಗೆ? 1818ರಲ್ಲಿ ಹ್ಯಾಂಬರ್ಗಿನ ಸುಧಾರಣಾವಾದಿಗಳು ಜರ್ಮನ್ ಭಾಷೆಯಲ್ಲಿ ಪ್ರವಚನ, ಆರ್ಗನ್ ವಾದ್ಯ ತಂದರು. ಸಂಪ್ರದಾಯಸ್ಥರು ಒಂದಕ್ಷರವೂ ಬದಲಾಗದೆಂದರು. ಇಬ್ಬರ ನಡುವೆ ಕನ್ಸರ್ವೇಟಿವ್ ಎಂಬ ಮೂರನೆಯ ಹಾದಿ ಹುಟ್ಟಿತು. ಇಂದಿನ ಯೆಹೂದಿ ಬದುಕು ಈ ಮೂರು ಹಾದಿಗಳಲ್ಲೂ, ಯಾವ ಹಾದಿಗೂ ಸೇರದ ಮನೆಗಳಲ್ಲೂ ಹರಡಿಕೊಂಡಿದೆ. ಸಾಂಪ್ರದಾಯಿಕರು ಶನಿವಾರ ವಾಹನ ಹತ್ತುವುದಿಲ್ಲ. ಆದ್ದರಿಂದ ನಡೆದುಹೋಗುವಷ್ಟು ದೂರದಲ್ಲೇ ಮನೆ ಮಾಡುತ್ತಾರೆ, ಕೇರಿ ತಾನಾಗಿ ಹುಟ್ಟುತ್ತದೆ. ಇಸ್ರೇಲಿನ ಎತ್ತರದ ಕಟ್ಟಡಗಳಲ್ಲಿ ಗುಂಡಿ ಒತ್ತದೆಯೇ ಪ್ರತಿ ಮಹಡಿಯಲ್ಲಿ ನಿಲ್ಲುವ ಶನಿವಾರದ ಲಿಫ್ಟು ಇದೆ. ಬರ್ಲಿನ್ನಿನ ರೆಗಿನಾ ಯೋನಾಸ್ 1935ರಲ್ಲಿ ಮೊದಲ ಮಹಿಳಾ ರಬ್ಬಿಯಾದಳು. 1944ರಲ್ಲಿ ಹಿಟ್ಲರನ ಕಡೆಯವರು ಆಶ್ವಿಟ್ಸ್‌ನಲ್ಲಿ ಆಕೆಯನ್ನು ಕೊಂದರು.

ಆ ವರ್ಷಗಳ ಲೆಕ್ಕ ಹೇಳಲು ನಾಲಿಗೆ ತಡವರಿಸುತ್ತದೆ. ಹಿಟ್ಲರನ ಆಳ್ವಿಕೆಗೆ ಬಲಿಯಾದ ಯೆಹೂದಿಯರು ಅರವತ್ತು ಲಕ್ಷ ಜನ. ಅವರಲ್ಲಿ ಸುಮಾರು ಹದಿನೈದು ಲಕ್ಷ ಮಕ್ಕಳು. ವಾರ್ಸಾದ ದಿಗ್ಬಂಧನದ ಕೇರಿಯಲ್ಲಿ ಇಮ್ಯಾನುಯೆಲ್ ರಿಂಗೆಲ್‌ಬ್ಲುಮ್ ಎಂಬ ಇತಿಹಾಸಕಾರ ಗೆಳೆಯರನ್ನು ಸೇರಿಸಿಕೊಂಡು ಗುಟ್ಟಾಗಿ ಎಲ್ಲವನ್ನೂ ಬರೆಸಿಟ್ಟ: ದಿನಚರಿ, ಪಡಿತರ ಚೀಟಿ, ಮಕ್ಕಳ ಪ್ರಬಂಧ, ಹಾಡು. ಅವರು ಸೇರುತ್ತಿದ್ದುದು ಶನಿವಾರದಂದು. ಆ ಗುಂ‍ಪಿಗೆ ಅವರಿಟ್ಟುಕೊಂಡ ಗುಪ್ತನಾಮ ಓನೆಗ್ ಶಬ್ಬತ್, ಸಬ್ಬತ್ತಿನ ಸಂತೋಷ. ಕಾಗದಗಳನ್ನು ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತರು. ಬರೆದವರಲ್ಲಿ ಬಹುತೇಕರು ಉಳಿಯಲಿಲ್ಲ. ಯುದ್ಧ ಮುಗಿದ ಮೇಲೆ, 1946ರಲ್ಲಿ ಮತ್ತು 1950ರಲ್ಲಿ, ಅವಶೇಷಗಳ ಅಡಿಯಿಂದ ಎರಡು ಭಾಗ ಸಿಕ್ಕವು.

1948ರಲ್ಲಿ ಇಸ್ರೇಲ್ ದೇಶ ಹುಟ್ಟಿತು. ಪ್ರಾರ್ಥನೆಯ ಭಾಷೆಯಾಗಿದ್ದ ಹೀಬ್ರೂ ಅಷ್ಟರಲ್ಲಾಗಲೇ ಸಂತೆಯ, ಜೋಗುಳದ ಭಾಷೆಯಾಗಿತ್ತು. ನೆಲೆಯಿಲ್ಲದವರಿಗೆ ನೆಲೆ ಸಿಕ್ಕ ಅದೇ ಹೊತ್ತಿನಲ್ಲಿ ಲಕ್ಷಾಂತರ ಪ್ಯಾಲೆಸ್ತೀನಿಯರು ಮನೆ ಕಳೆದುಕೊಂಡರು. ಆ ನೋವನ್ನು ಕುರಿತ ವಾದ ಯೆಹೂದಿಯರ ಒಳಗೂ ತೀವ್ರವಾಗಿಯೇ ನಡೆದಿದೆ. ಒಂದು ಸರ್ಕಾರದ ನಡೆಯೂ ಒಂದು ಧರ್ಮವೂ ಒಂದೇ ಅಲ್ಲ ಎಂಬುದನ್ನು ನಾವು ಮರೆಯಬಾರದು. ಇಸ್ರೇಲಿಗೆ ಹೋದ ಬೆನೆ ಇಸ್ರಾಯೇಲರ ಯೆಹೂದಿತನವನ್ನೇ ಅಲ್ಲಿನ ಧರ್ಮಾಧಿಕಾರಿಗಳು ಮದುವೆಯ ವಿಷಯದಲ್ಲಿ ಶಂಕಿಸಿದಾಗ, ಶನಿವಾರದ ಗಾಣಿಗರ ಮಕ್ಕಳು ಹೋರಾಡಿ 1964ರಲ್ಲಿ ಪೂರ್ಣ ಮಾನ್ಯತೆ ಪಡೆದರು.

ಇನ್ನು ಇಂದಿನ ಮನೆಯೊಳಗೆ ಒಂದು ಸುತ್ತು ಬರೋಣ. ಬಾಗಿಲ ಚೌಕಟ್ಟಿನಲ್ಲಿ ಮೆಜೂಜಾ ಎಂಬ ಪುಟ್ಟ ಕರಡಿಗೆ. ಅದರೊಳಗೆ ಚರ್ಮದ ಹಾಳೆಯಲ್ಲಿ ಕೈಯಿಂದ ಬರೆದ ಶೆಮಾ. ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ; ಅಜ್ಜಿಯ ಮಡಿ ಅಡುಗೆ ಕಂಡವರಿಗೆ ಈ ಶಿಸ್ತು ತೀರ ಹೊಸದೆನಿಸದು. ಗೋಡೆಯ ಕ್ಯಾಲೆಂಡರು ಚಾಂದ್ರಮಾನದ್ದು. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ, ಹೆಚ್ಚುಕಡಿಮೆ ನಮ್ಮ ಪಂಚಾಂಗದ ಲೆಕ್ಕದ ಹಾಗೆಯೇ. ವಸಂತದ ಪಸ್ಕ ಹಬ್ಬದ ರಾತ್ರಿ ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು. ಅಂದಿನ ಕಥೆ ಆರಂಭವಾಗುವುದು ಪ್ರಶ್ನೆಯಿಂದ: ಮನೆಯ ಅತಿ ಚಿಕ್ಕ ಮಗು ಈ ರಾತ್ರಿಯ ವಿಶೇಷವೇನೆಂದು ಕೇಳಬೇಕು, ಹಿರಿಯರು ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆ ಹೇಳಬೇಕು. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರಿಗೆ ಇಪ್ಪತ್ತೈದು ಗಂಟೆಯ ಉಪವಾಸ. ಆದರೆ ಮನುಷ್ಯರಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸುವುದಿಲ್ಲ. ಅದಕ್ಕೆ ಮುಂಚೆ ಆ ಮನುಷ್ಯನ ಮನೆಗೇ ಹೋಗಿ ಕ್ಷಮೆ ಕೇಳಬೇಕು. ಮದುವೆಯ ಸಂಭ್ರಮದ ನಡುವೆ ಮದುಮಗ ಒಂದು ಗಾಜಿನ ಲೋಟ ತುಳಿದು ಒಡೆಯುತ್ತಾನೆ. ಉರಿದ ಗುಡಿಯ ನೆನಪು ಸಂತೋಷದ ಗಳಿಗೆಯಲ್ಲೂ ಇರಲಿ ಎಂದು. ವರ್ಷವಿಡೀ ಓದಿದ ತೋರಾದ ಕೊನೆಯ ಸಾಲು ಮುಗಿದ ದಿನವೇ ಮೊದಲ ಸಾಲನ್ನು ಮತ್ತೆ ಓದುತ್ತಾರೆ.

ಶನಿವಾರ ಸಂಜೆಗೆ ಬರೋಣ. ಮೂರು ನಕ್ಷತ್ರ ಕಂಡಿವೆ. ಹೆಣೆದ ಮೇಣದ ಬತ್ತಿ ಹಚ್ಚುತ್ತಾರೆ. ಲವಂಗ, ದಾಲ್ಚಿನ್ನಿ ತುಂಬಿದ ಒಂದು ಪುಟ್ಟ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಪ್ರತಿಯೊಬ್ಬರೂ ಮೂಸುತ್ತಾರೆ. ಸಬ್ಬತ್ತಿನ ದಿನ ಮನುಷ್ಯನಿಗೆ ಇನ್ನೊಂದು ಆತ್ಮ ಜೊತೆಯಾಗಿರುತ್ತದಂತೆ. ಅದು ಹೊರಟುಹೋದಾಗ ಆಗುವ ಬಳಲಿಕೆಗೆ ಈ ಪರಿಮಳ ಆಸರೆ. ದೀಪವನ್ನು ದ್ರಾಕ್ಷಾರಸದಲ್ಲಿ ಅದ್ದಿ ಆರಿಸುತ್ತಾರೆ. ಆಗ ನನ್ನ ಕಣ್ಣ ಮುಂದೆ ಬರುವುದು ಕೊಂಕಣದ ಆ ಗಾಣಿಗನ ಹಿತ್ತಿಲು. ಪುಸ್ತಕವಿಲ್ಲ, ಗುರುವಿಲ್ಲ. ಇಡೀ ದಿನ ನೊಗ ಕಾಣದ ಎತ್ತು ಹುಲ್ಲು ಮೆಲ್ಲುತ್ತ ಮಲಗಿದೆ. ಗಾಣಿಗ ಆಕಾಶ ನೋಡುತ್ತಾನೆ, ನಕ್ಷತ್ರ ಎಣಿಸುತ್ತಾನೆ, ಎದ್ದು ಎತ್ತಿನ ಬೆನ್ನು ತಟ್ಟುತ್ತಾನೆ.